ಕಪ್ಪಗಿರೋದೆಲ್ಲ ಕಾಡಿಗೆಯಲ್ಲ

ಈ ಪಾಠದ ಹೊಸ ಪದಗಳು

ಕಾಡಿಗೆ, ರೆಪ್ಪೆ, ಸುರುಮ, ಸೀಸ, ಅಭ್ರಕ, ಪರವಾನಗಿ, ಕಾಂತಿವರ್ಧಕ

ಮೊದಲು ಈ ಪದಗಳನ್ನು ನಿಧಾನವಾಗಿ ಓದಿರಿ. ಅರ್ಥ ಗೊತ್ತಿಲ್ಲದ ಪದಕ್ಕೆ ಗೆರೆ ಹಾಕಿರಿ. ಪಾಠ ಮುಗಿಯುವ ಹೊತ್ತಿಗೆ ಅದರ ಅರ್ಥ ನಿಮಗೇ ತಿಳಿಯುತ್ತದೆ.

1. ಕಣ್ಣಿಗೆ ಬಣ್ಣ: ಬಹಳ ಹಳೆಯ ಆಸೆ

ಕಣ್ಣು ಚೆಂದ ಕಾಣಬೇಕು ಎಂಬ ಆಸೆ ಯಾರಿಗಿಲ್ಲ? ಮದುವೆ ಮನೆಗೆ ಹೊರಟ ಹುಡುಗಿ ಕಾಡಿಗೆ ಹಚ್ಚುತ್ತಾಳೆ. ತೊಟ್ಟಿಲ ಕೂಸಿಗೆ ಅಜ್ಜಿ ಕಾಡಿಗೆ ತೀಡುತ್ತಾಳೆ. ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಕೂತು ಕಣ್ಣಿನ ಸುತ್ತ ಬಣ್ಣ ಬರೆದುಕೊಳ್ಳುತ್ತಾನೆ.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಈಜಿಪ್ಟ್ ದೇಶದ ಜನ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರು. ಗಂಡಸರೂ ಹಚ್ಚುತ್ತಿದ್ದರು, ಹೆಂಗಸರೂ ಹಚ್ಚುತ್ತಿದ್ದರು. ತಾಮ್ರದ ಅದಿರನ್ನು ಅರೆದು ಹಸಿರು ಬಣ್ಣ ಮಾಡುತ್ತಿದ್ದರು. ಸೀಸದ ಅದಿರನ್ನು ಅರೆದು ಕಪ್ಪು ಬಣ್ಣ ಮಾಡುತ್ತಿದ್ದರು. ಸೀಸ ವಿಷ ಎಂಬುದು ಇಂದು ನಮಗೆ ಗೊತ್ತು.

ಚೆಂದ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಹಚ್ಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಏನು ಹಚ್ಚುತ್ತೇವೆ? ಎಲ್ಲಿ ಹಚ್ಚುತ್ತೇವೆ? ಯಾರಿಗೆ ಹಚ್ಚುತ್ತೇವೆ?

2. ಕಪ್ಪು ಒಂದೇ, ಬಗೆ ಮೂರು

ಕಣ್ಣಿಗೆ ಹಚ್ಚುವ ಕಪ್ಪು ಮೂರು ಬಗೆಯದು.

ಮೊದಲನೆಯದು ಮನೆಯ ಕಾಡಿಗೆ. ಇದನ್ನು ದೀಪದ ಮಸಿಯಿಂದ ಮಾಡುತ್ತಾರೆ.

ಎರಡನೆಯದು ಕಂಪನಿಯ ಕಾಡಿಗೆ. ಇದು ಡಬ್ಬಿ, ಕಡ್ಡಿ, ಪೆನ್ಸಿಲ್ ರೂಪದಲ್ಲಿ ಸಿಗುತ್ತದೆ.

ಮೂರನೆಯದು ಸುರುಮ. ಇದು ಕಲ್ಲನ್ನು ನುಣ್ಣಗೆ ಅರೆದು ಮಾಡಿದ ಪುಡಿ. ಹೊಳೆಯುವ ಆ ಕಲ್ಲು ಎಷ್ಟೋ ಸಲ ಸೀಸದ ಅದಿರೇ ಆಗಿರುತ್ತದೆ. ಬೇರೆ ಬೇರೆ ದೇಶಗಳಲ್ಲಿ ಸುರುಮವನ್ನು ಪರೀಕ್ಷೆ ಮಾಡಿದ್ದಾರೆ. ಕೆಲವು ಸುರುಮಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ ಸಿಕ್ಕಿದೆ.

ಹೆಸರು ಕೇಳಿ ಮೋಸ ಹೋಗಬೇಡಿ. ಕಾಡಿಗೆ ಎಂದು ಮಾರುವ ಡಬ್ಬಿಯಲ್ಲೂ ಇಂಥ ಪುಡಿ ಇರಬಹುದು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳುತ್ತಾರೆ. ಹಾಗೆಯೇ ಕಪ್ಪಗಿರೋದೆಲ್ಲ ಕಾಡಿಗೆಯಲ್ಲ.

ಕಣ್ಣಿಗೆ ಹಚ್ಚಿದ ಸೀಸ ಹೊಟ್ಟೆಗೆ ಹೇಗೆ ಹೋಗುತ್ತದೆ? ಕಣ್ಣಿನಿಂದ ಮೂಗಿಗೆ ಒಂದು ಸಣ್ಣ ಕೊಳವೆ ಇದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಕಣ್ಣಿನ ನೀರಿನ ಜೊತೆ ಸೀಸವೂ ಆ ಕೊಳವೆಯಲ್ಲಿ ಇಳಿದು ಗಂಟಲು ಸೇರುತ್ತದೆ. ಇನ್ನೊಂದು ದಾರಿಯೂ ಇದೆ. ಮಗು ಕಣ್ಣು ಉಜ್ಜುತ್ತದೆ. ಅದೇ ಕೈಯನ್ನು ಬಾಯಿಗೆ ಹಾಕುತ್ತದೆ.

ರಕ್ತ ಸೇರಿದ ಸೀಸ ರಕ್ತಹೀನತೆ ತರುತ್ತದೆ. ಹೊಟ್ಟೆನೋವು ತರುತ್ತದೆ. ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ. ಅವರ ಕಲಿಯುವ ಶಕ್ತಿ ಕುಗ್ಗುತ್ತದೆ. ಬಸುರಿಯ ರಕ್ತದಲ್ಲಿರುವ ಸೀಸ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟೇ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸೀಸ ಇದೆಯೋ ಇಲ್ಲವೋ ಎಂದು ಬೆರಳಿಗೆ ಹಚ್ಚಿ ನೋಡಿದರೆ ತಿಳಿಯದು. ಮೂಸಿದರೂ ತಿಳಿಯದು. ಪ್ರಯೋಗಶಾಲೆಯಲ್ಲಿ ಮಾತ್ರ ತಿಳಿಯುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಎಚ್ಚರ ಬೇಕು.

3. ಅತ್ತೆ, ಸೊಸೆ ಮತ್ತು ಆಶಾ ಅಕ್ಕ

ಒಂದು ಮನೆಯಲ್ಲಿ ಬಾಣಂತಿ ಇದ್ದಾಳೆ. ಕೂಸಿಗೆ ಎರಡು ತಿಂಗಳು. ಆಶಾ ಕಾರ್ಯಕರ್ತೆ ನೋಡಲು ಬಂದಿದ್ದಾರೆ. ಅವರ ಮಾತುಕತೆಯನ್ನು ಮೂವರು ಸೇರಿ ಗಟ್ಟಿಯಾಗಿ ಓದಿರಿ.

ಅತ್ತೆ: ಬಾರಮ್ಮ, ಕೂತ್ಕೊ. ಮಗೂಗೆ ಈಗ ತಾನೇ ಎಣ್ಣೆ ನೀರು ಹಾಕಿದೀನಿ. ಕಾಡಿಗೆ ಹಚ್ಚೋಣ ಅಂದ್ರೆ ಇವಳು ಬೇಡ ಅಂತಾಳೆ.

ಸೊಸೆ: ನಾನಾಗಿ ಹೇಳಿದ್ದಲ್ಲ ಅತ್ತೆ. ಆಸ್ಪತ್ರೇಲಿ ಡಾಕ್ಟರಮ್ಮ ಹೇಳಿ ಕಳಿಸಿದ್ರು.

ಅತ್ತೆ: ನಿನ್ನ ಗಂಡನಿಗೂ ನಾನೇ ಹಚ್ಚಿದ್ದೆ. ಅವನ ಕಣ್ಣು ಹೋಯ್ತಾ?

ಆಶಾ ಅಕ್ಕ: ಹೋಗ್ಲಿಲ್ಲ ಅಜ್ಜಿ. ಆಗ ಕಾಡಿಗೆ ಎಲ್ಲಿಂದ ತರ್ತಿದ್ರಿ?

ಅತ್ತೆ: ತರೋದೇನು ಬಂತು? ಹರಳೆಣ್ಣೆ ದೀಪ ಹಚ್ಚಿ ಮನೇಲೇ ಮಾಡ್ತಿದ್ದೆ.

ಆಶಾ ಅಕ್ಕ: ಮತ್ತೆ ಈ ಡಬ್ಬಿ?

ಅತ್ತೆ: ಇದು ಜಾತ್ರೇಲಿ ತಂದದ್ದು. ಇಪ್ಪತ್ತು ರೂಪಾಯಿ.

ಆಶಾ ಅಕ್ಕ: ಡಬ್ಬಿ ಮೇಲೆ ಏನು ಬರೆದಿದೆ? ನೀನು ಓದಮ್ಮ.

ಸೊಸೆ: (ಡಬ್ಬಿ ತಿರುಗಿಸಿ ನೋಡಿ) ಒಂದು ಹೆಂಗಸಿನ ಚಿತ್ರ ಇದೆ. ‘ಕಾಜಲ್’ ಅಂತ ಇದೆ. ಅಷ್ಟೇ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಏನೂ ಬರೆದಿಲ್ಲ.

ಆಶಾ ಅಕ್ಕ: ಅಜ್ಜಿ, ಯಾರಾದ್ರೂ ಏನೂ ಬರೆಯದ ಕಾಗದ ಕೊಟ್ರೆ ಹೆಬ್ಬೆಟ್ಟು ಒತ್ತುತ್ತೀರಾ?

ಅತ್ತೆ: ಅಯ್ಯೋ, ಒತ್ತೋದಿಲ್ಲಮ್ಮ. ಹೊಲ ಮನೆ ಹೋದಾವು!

ಆಶಾ ಅಕ್ಕ: ಹಂಗಾದ್ರೆ ಏನೂ ಬರೆಯದ ಡಬ್ಬೀನ ನಂಬಿ ಕೂಸಿನ ಕಣ್ಣಿಗೆ ಹೇಗೆ ಹಚ್ಚೋದು?

ಅತ್ತೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಸರಿ. ಇದು ಬೇಡ. ಮನೇಲೇ ಮಾಡಿ ಹಚ್ತೀನಿ.

ಆಶಾ ಅಕ್ಕ: ನಿಮ್ಮ ಕಾಡಿಗೆಗೆ ಆ ಕಲ್ಲಿನ ಪುಡಿ ಹಾಕೋದಿಲ್ಲ, ನಿಜ. ಆದರೂ ಕೂಸಿನ ಕಣ್ಣೊಳಗೆ ಬೇಡ ಅಜ್ಜಿ. ಎಳೇ ಕಣ್ಣು. ನಮ್ಮ ಬೆರಳಿನ ಕೊಳೆ ಒಳಗೆ ಹೋಗುತ್ತೆ. ಉಗುರು ತಾಗುತ್ತೆ. ಮೂಗಿನ ಕೊಳವೆ ಕಟ್ಕೊಂಡ್ರೆ ಕಣ್ಣಲ್ಲಿ ಸದಾ ನೀರು, ಪಿಸುರು.

ಅತ್ತೆ: ಹಚ್ಚದಿದ್ರೆ ಕಣ್ಣು ದೊಡ್ಡದಾಗೋದು ಹೇಗೆ?

ಆಶಾ ಅಕ್ಕ: ಕಣ್ಣಿನ ಗಾತ್ರ ಅಪ್ಪ ಅಮ್ಮನಿಂದ ಬರೋದು. ಕಾಡಿಗೆಯಿಂದ ಅಲ್ಲ. ಆರು ತಿಂಗಳು ತುಂಬೋವರೆಗೆ ಬರೀ ತಾಯಿ ಹಾಲು ಕುಡಿಸಿ. ಆಮೇಲೆ ಸೊಪ್ಪು, ಪಪ್ಪಾಯಿ ಹಣ್ಣು, ಕ್ಯಾರೆಟ್ ಬೇಯಿಸಿ ಮಸೆದು ತಿನ್ನಿಸಿ. 9 ತಿಂಗಳಿಗೆ ದಡಾರದ ಲಸಿಕೆ ಜೊತೆ ಎ ಜೀವಸತ್ವದ ಹನಿ ಹಾಕ್ತೀವಿ. ಐದು ವರ್ಷ ತುಂಬೋವರೆಗೆ ಆರು ತಿಂಗಳಿಗೊಮ್ಮೆ ಆ ಹನಿ ಹಾಕಿಸಿ. ಇರುಳುಗಣ್ಣು ಬರದ ಹಾಗೆ ಅದು ಕಾಯುತ್ತೆ.

ಅತ್ತೆ: ಎಲ್ಲಾ ಸರಿ. ದೃಷ್ಟಿ ಆದ್ರೆ?

ಆಶಾ ಅಕ್ಕ: ಮನೆಯ ಕಾಡಿಗೇಲಿ ಅಂಗಾಲಿಗೆ ಒಂದು ಬೊಟ್ಟು ಇಡಿ. ನಿಮ್ಮ ಮನಸ್ಸಿಗೂ ಸಮಾಧಾನ. ಕೂಸಿನ ಕಣ್ಣೂ ಕ್ಷೇಮ.

ಅತ್ತೆ: (ನಗುತ್ತಾ) ಆಗಲಿ. ನಾಳೆ ಹಣತೆ ಹಚ್ತೀನಿ. ಸೊಸೆ, ನೀನೂ ಕಲ್ತುಕೊ.

4. ಮನೆಯಲ್ಲಿ ಕಾಡಿಗೆ ಮಾಡುವ ಬಗೆ

ಅತ್ತೆ ಸೊಸೆಗೆ ಕಲಿಸಿದ್ದು ಹೀಗೆ. ಇದು ದೊಡ್ಡವರು ಹಚ್ಚಿಕೊಳ್ಳುವ ಕಾಡಿಗೆ.

ಬೇಕಾಗುವ ಸಾಮಾನು: ಒಂದು ಮಣ್ಣಿನ ಹಣತೆ, ಹರಳೆಣ್ಣೆ, ಒಗೆದ ಬಿಳಿ ಹತ್ತಿ ಬಟ್ಟೆ, ಒಂದು ಸ್ಟೀಲ್ ತಟ್ಟೆ, ಎರಡು ಇಟ್ಟಿಗೆ, ಮುಚ್ಚಳವಿರುವ ಸಣ್ಣ ಡಬ್ಬಿ.

ಒಂದು: ಬಟ್ಟೆಯನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವುದು ಹಳ್ಳಿಯ ವಾಡಿಕೆ. ಸೊಪ್ಪು ಸಿಗದಿದ್ದರೆ ಬರೀ ಬಟ್ಟೆಯೂ ಸಾಕು.

ಎರಡು: ಬಟ್ಟೆಯಿಂದ ಬತ್ತಿ ಹೊಸೆಯಿರಿ. ಹಣತೆಗೆ ಹರಳೆಣ್ಣೆ ಹಾಕಿ ದೀಪ ಹಚ್ಚಿರಿ. ಸೀಮೆಎಣ್ಣೆ ಬೇಡ.

ಮೂರು: ಎರಡು ಕಡೆ ಇಟ್ಟಿಗೆ ಇಟ್ಟು ತಟ್ಟೆಯನ್ನು ದೀಪದ ಮೇಲೆ ಮಗುಚಿ ಇಡಿರಿ. ದೀಪದ ಕುಡಿ ತಟ್ಟೆಗೆ ತಾಗುವಂತಿರಲಿ. ಗಾಳಿ ಆಡಲು ಜಾಗ ಬಿಡಿರಿ.

ನಾಲ್ಕು: ಎರಡು ಮೂರು ಗಂಟೆ ಉರಿಯಲಿ. ಹತ್ತಿರ ಯಾರಾದರೂ ಇರಬೇಕು. ಮಕ್ಕಳನ್ನು ದೂರ ಇಡಿರಿ.

ಐದು: ತಟ್ಟೆ ಪೂರ್ತಿ ಆರಿದ ಮೇಲೆ ಮಸಿಯನ್ನು ಮೆತ್ತಗೆ ಕೆರೆದು ತೆಗೆಯಿರಿ. ಶುದ್ಧವಾದ ಹರಳೆಣ್ಣೆ ಅಥವಾ ತುಪ್ಪವನ್ನು ಒಂದೊಂದೇ ಹನಿ ಹಾಕಿ ಕಲಸಿರಿ. ಕುದಿಸಿ ಒಣಗಿಸಿದ ಡಬ್ಬಿಗೆ ತುಂಬಿರಿ.

ಕೆಲವರು ಕಾಡಿಗೆಗೆ ಕರ್ಪೂರ ಬೆರೆಸುತ್ತಾರೆ. ಕರ್ಪೂರ ಕಣ್ಣನ್ನು ಉರಿಸುತ್ತದೆ. ಉರಿದು ನೀರು ಬಂದರೆ ಕಣ್ಣು ತಂಪಾಯಿತು ಎಂದಲ್ಲ. ಕಣ್ಣಿಗೆ ನೋವಾಯಿತು ಎಂದು ಅರ್ಥ. ಕರ್ಪೂರ ಹಾಕಬೇಡಿ.

ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ವಾಸನೆ ಬಂದರೆ, ಬೂಸ್ಟು ಕಂಡರೆ ಎಸೆಯಿರಿ.

ಕಾಡಿಗೆಯನ್ನು ಎಲ್ಲಿ ಹಚ್ಚಬೇಕು? ರೆಪ್ಪೆ ಕೂದಲಿನ ಹೊರಗೆ ಹಚ್ಚಬೇಕು. ರೆಪ್ಪೆಯ ಒಳ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸಾಲು ಇದೆ. ಅಲ್ಲಿಂದ ಎಣ್ಣೆಯಂಥ ಪಸೆ ಬರುತ್ತದೆ. ಕಣ್ಣು ಒಣಗದಂತೆ ಆ ಪಸೆ ಕಾಯುತ್ತದೆ. ಒಳ ಅಂಚಿಗೆ ಕಾಡಿಗೆ ತುಂಬಿದರೆ ಆ ರಂಧ್ರ ಮುಚ್ಚಿಹೋಗುತ್ತದೆ. ಆಗ ರೆಪ್ಪೆಯಲ್ಲಿ ಗಂಟು ಅಥವಾ ಕುರು ಏಳಬಹುದು.

5. ರೆಪ್ಪೆಯ ಮೇಲಿನ ಬಣ್ಣ

ಈಗ ಹಳ್ಳಿಯ ಬಳೆ ಅಂಗಡಿಗೂ ಐಶ್ಯಾಡೋ ಬಂದಿದೆ. ಇದು ಕಣ್ಣಿನ ಮೇಲಿನ ರೆಪ್ಪೆಗೆ ಹಚ್ಚುವ ಬಣ್ಣ. ಒಂದೇ ಡಬ್ಬಿಯಲ್ಲಿ ನಾಲ್ಕಾರು ಬಣ್ಣ ಇರುತ್ತವೆ. ಇದರಲ್ಲಿ ಹೆಚ್ಚಾಗಿ ಅಭ್ರಕದ ಪುಡಿ ಇರುತ್ತದೆ. ಅಭ್ರಕ ಎಂದರೆ ನಾವು ಕಾಗೆ ಬಂಗಾರ ಎನ್ನುತ್ತೇವಲ್ಲ, ಅದೇ. ಮಿಂಚು ಬರುವುದು ಅದರಿಂದ. ಕೆಂಪು, ಹಳದಿ, ಕಂದು ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣದ ತುಕ್ಕಿನ ಬಣ್ಣ ನೆನಪಿಸಿಕೊಳ್ಳಿ.

ಬಣ್ಣ ಆರಿಸುವುದು ಹೇಗೆ?

ನಮ್ಮ ಕಂದು ಮೈಬಣ್ಣಕ್ಕೆ ತಾಮ್ರದ ಬಣ್ಣ, ಹೊಂಬಣ್ಣ, ಕಂದು, ಬದನೆಕಾಯಿ ಬಣ್ಣ, ಕಡು ಹಸಿರು ಚೆನ್ನಾಗಿ ಒಪ್ಪುತ್ತವೆ. ಬಿಳಿಚಿದ ತಿಳಿ ಬಣ್ಣ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣಬಹುದು. ಬೆಳ್ಳಗೆ ಕಾಣಲೆಂದು ಬಣ್ಣ ಹುಡುಕಬೇಡಿ. ನಿಮ್ಮ ಬಣ್ಣಕ್ಕೆ ಒಪ್ಪುವುದನ್ನು ಹುಡುಕಿ. ಅಂಗಡಿಯ ದೀಪದ ಬೆಳಕಿನಲ್ಲಿ ನೋಡಿದ ಬಣ್ಣ ಹೊರಗೆ ಬೇರೆ ಕಾಣುತ್ತದೆ. ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡಿ. ವಯಸ್ಸಾದವರ ರೆಪ್ಪೆಯಲ್ಲಿ ಮಿಂಚಿನ ಬಣ್ಣ ನೆರಿಗೆಯನ್ನು ಎತ್ತಿ ತೋರಿಸುತ್ತದೆ. ಅವರಿಗೆ ಮಿಂಚಿಲ್ಲದ ಬಣ್ಣ ಒಳ್ಳೆಯದು.

ಹೊಸ ಬಣ್ಣವನ್ನು ಮೊದಲೇ ಕಣ್ಣಿಗೆ ಹಚ್ಚಬೇಡಿ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ, ಕೆಂಪು ಕಂಡರೆ ಬಳಸಬೇಡಿ.

ಹಚ್ಚುವುದು ಹೇಗೆ?

ಕೈ, ಮುಖ ತೊಳೆದು ಒರೆಸಿಕೊಳ್ಳಿ. ಉಂಗುರ ಬೆರಳಿಗೆ ಅಥವಾ ಕುಂಚಕ್ಕೆ ಚೂರು ಬಣ್ಣ ತೆಗೆದುಕೊಳ್ಳಿ. ಉಂಗುರ ಬೆರಳು ಯಾಕೆ? ಅದರ ಒತ್ತಡ ಕಡಿಮೆ. ಹೆಚ್ಚಾದ ಪುಡಿಯನ್ನು ಕೊಡವಿ. ಕಣ್ಣು ಮುಚ್ಚಿಕೊಳ್ಳಿ. ರೆಪ್ಪೆ ಕೂದಲಿನ ಮೇಲಿಂದ ರೆಪ್ಪೆ ಮಡಚುವ ಗೆರೆಯವರೆಗೆ ಮೆತ್ತಗೆ ಒತ್ತುತ್ತಾ ಹಚ್ಚಿ. ಉಜ್ಜಬೇಡಿ. ಹುಬ್ಬಿನವರೆಗೆ ಎಳೆಯಬೇಡಿ. ದಿನಕ್ಕೆ ಒಂದೇ ತಿಳಿಯಾದ ಬಣ್ಣ ಸಾಕು. ಮದುವೆಗೆ ಹೋಗುವಾಗ ಕಣ್ಣಿನ ಹೊರ ಮೂಲೆಗೆ ಇನ್ನೊಂದು ಕಡು ಬಣ್ಣ ಸೇರಿಸಬಹುದು. ಎರಡು ಬಣ್ಣ ಕೂಡುವಲ್ಲಿ ಗೆರೆ ಕಾಣದಂತೆ ಬೆರಳಿನಿಂದ ಬೆರೆಸಿ.

ಮಲಗುವ ಮೊದಲು ತೆಗೆಯಲೇಬೇಕು. ಶುಭ್ರವಾದ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ಒರೆಸಿ. ಎಣ್ಣೆ ಕಣ್ಣೊಳಗೆ ಹೋಗದಿರಲಿ. ಆಮೇಲೆ ನೀರಿನಿಂದ ತೊಳೆಯಿರಿ.

ರಂಗೋಲಿ ಪುಡಿ, ಹೋಳಿ ಬಣ್ಣ, ಕಾಗದದ ಹೂವಿಗೆ ಅಂಟಿಸುವ ಮಿಂಚಿನ ಪುಡಿ ಇವನ್ನು ರೆಪ್ಪೆಗೆ ಹಚ್ಚಲೇಬಾರದು. ಶಾಲೆಯ ನಾಟಕಕ್ಕೆ ಮಕ್ಕಳಿಗೆ ವೇಷ ಹಾಕುವಾಗಲೂ ಇದು ನೆನಪಿರಲಿ. ಇವುಗಳ ಚೂಪಾದ ಕಣ ಕಣ್ಣುಗುಡ್ಡೆಯನ್ನು ಗೀರುತ್ತದೆ.

6. ಡಬ್ಬಿ ಓದೋಣ

ಕಣ್ಣಿನ ಬಣ್ಣ, ಕಾಡಿಗೆ, ಪೌಡರು, ಸ್ನೋ ಇವಕ್ಕೆಲ್ಲ ಕಾಂತಿವರ್ಧಕ ಎಂದು ಹೆಸರು. ಇವುಗಳಿಗಾಗಿ ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಇದೆ. 2020ರಲ್ಲಿ ಕಾಂತಿವರ್ಧಕಗಳಿಗೇ ಬೇರೆ ನಿಯಮಗಳು ಬಂದವು. ಬಣ್ಣ ಬರಲೆಂದು ಸೀಸ ಅಥವಾ ಆರ್ಸೆನಿಕ್ ಸೇರಿದ ವಸ್ತು ಹಾಕಿ ಕಾಂತಿವರ್ಧಕ ತಯಾರಿಸುವಂತಿಲ್ಲ. ತಯಾರಿಸುವವರಿಗೆ ಸರ್ಕಾರದ ಪರವಾನಗಿ ಬೇಕು.

ಡಬ್ಬಿ ಅಥವಾ ಅದರ ಪೆಟ್ಟಿಗೆಯ ಮೇಲೆ ಇವನ್ನು ಹುಡುಕಿರಿ:

ತಯಾರಿಸಿದವರ ಹೆಸರು ಮತ್ತು ವಿಳಾಸ
ಪರವಾನಗಿ ಸಂಖ್ಯೆ
ಬ್ಯಾಚ್ ಸಂಖ್ಯೆ
ತಯಾರಿಸಿದ ತಿಂಗಳು ಮತ್ತು ವರ್ಷ
ಯಾವ ತಿಂಗಳೊಳಗೆ ಬಳಸಬೇಕು ಎಂಬ ಸೂಚನೆ
ಗರಿಷ್ಠ ಬೆಲೆ, ಅಂದರೆ ಎಂ.ಆರ್.ಪಿ.

ಅಕ್ಷರ ಇಂಗ್ಲಿಷಿನಲ್ಲಿರಬಹುದು. ಹೆದರಬೇಡಿ. ಅಂಕಿ ನಿಮಗೆ ಗೊತ್ತು. 08/2025 ಎಂದಿದ್ದರೆ 2025ನೇ ವರ್ಷದ ಎಂಟನೇ ತಿಂಗಳು, ಅಂದರೆ ಆಗಸ್ಟ್. ಅಕ್ಷರ ತಿಳಿಯದಿದ್ದರೆ ಅಂಗಡಿಯವರನ್ನು, ಶಾಲೆಗೆ ಹೋಗುವ ಮಕ್ಕಳನ್ನು ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಕೆಲವು ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ ಇರುತ್ತದೆ. ಅದರಲ್ಲಿ 6 ಅಥವಾ 12 ಎಂಬ ಅಂಕಿ ಇರುತ್ತದೆ. ಮುಚ್ಚಳ ತೆರೆದ ಮೇಲೆ ಅಷ್ಟೇ ತಿಂಗಳು ಬಳಸಬೇಕು ಎಂದು ಅದರ ಅರ್ಥ.

ಇವು ಯಾವುವೂ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿ. ಕೊಂಡದ್ದಕ್ಕೆ ರಸೀದಿ ಕೇಳಿ ಪಡೆಯಿರಿ. ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

7. ನನ್ನ ಡಬ್ಬಿ ನನಗೆ, ನಿನ್ನ ಡಬ್ಬಿ ನಿನಗೆ

2023ರ ಮಳೆಗಾಲದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕೆಂಗಣ್ಣು ಬೇನೆ ಹರಡಿತು. ಇದನ್ನು ‘ಮದ್ರಾಸ್ ಐ’ ಎಂದೂ ಕರೆಯುತ್ತಾರೆ. ಬೇನೆ ಬಂದವರ ಕಣ್ಣಿನ ನೀರು ತಾಗಿದ ಕೈ, ಟವೆಲ್, ಕಾಡಿಗೆ ಕಡ್ಡಿ ಇವುಗಳಿಂದ ಇದು ಹರಡುತ್ತದೆ.

ಅಕ್ಕ ತಂಗಿಯರಾದರೂ ಸರಿ, ಕಾಡಿಗೆ ಡಬ್ಬಿ ಬೇರೆ ಬೇರೆ ಇರಲಿ. ಕೆಂಗಣ್ಣು ಬಂದಾಗ ಕಣ್ಣಿಗೆ ಏನೂ ಹಚ್ಚಬೇಡಿ. ವಾಸಿಯಾದ ಮೇಲೆ ಹಳೆಯ ಡಬ್ಬಿ ಎಸೆದು ಹೊಸದು ತೆಗೆದುಕೊಳ್ಳಿ. ಹತ್ತು ರೂಪಾಯಿ ಡಬ್ಬಿಯ ಆಸೆಗೆ ಕಣ್ಣು ಕೆಡಿಸಿಕೊಳ್ಳಬೇಡಿ.

ಕಣ್ಣಿಗೆ ಬಣ್ಣ ಬಿದ್ದು ಉರಿದರೆ ಉಜ್ಜಬೇಡಿ. ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಉರಿ ನಿಲ್ಲದಿದ್ದರೆ, ನೋವು ಬಂದರೆ, ಕಣ್ಣು ಮಂಜಾದರೆ, ಬೆಳಕು ನೋಡಲು ಆಗದಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಎದೆಹಾಲು, ಸೊಪ್ಪಿನ ರಸ, ಬೇರೆಯವರ ಕಣ್ಣಿನ ಔಷಧ ಹಾಕಬೇಡಿ. ಬಹಳ ಕಾಲ ಸುರುಮ ಹಚ್ಚಿದ ಮಗು ಇದ್ದರೆ ಡಾಕ್ಟರಿಗೆ ಆ ಡಬ್ಬಿಯನ್ನೇ ತೋರಿಸಿ. ಬೈದಾರು ಎಂದು ಮುಚ್ಚಿಡಬೇಡಿ. ರಕ್ತ ಪರೀಕ್ಷೆಯಿಂದ ಸೀಸ ಇದೆಯೇ ಎಂದು ತಿಳಿಯಬಹುದು.

ನೆನಪಿಡಿ

ಕೂಸಿನ ಕಣ್ಣಿಗೆ ಕಾಡಿಗೆ ಬೇಡ.
ಹೆಸರು ವಿಳಾಸವಿಲ್ಲದ ಡಬ್ಬಿ ಬೇಡ.
ಹಚ್ಚಿದರೆ ರೆಪ್ಪೆಯ ಹೊರಗೆ, ಒಳಗೆ ಬೇಡ.
ಒಬ್ಬರ ಕಾಡಿಗೆ ಇನ್ನೊಬ್ಬರಿಗೆ ಬೇಡ.
ಮಲಗುವಾಗ ಕಣ್ಣಲ್ಲಿ ಬಣ್ಣ ಬೇಡ.

ಅಭ್ಯಾಸ

ಅ. ಉತ್ತರ ಹೇಳಿರಿ, ಆಮೇಲೆ ಬರೆಯಿರಿ.
1. ಕಣ್ಣಿಗೆ ಹಚ್ಚುವ ಕಪ್ಪು ಎಷ್ಟು ಬಗೆ? ಯಾವುವು?
2. ಕಣ್ಣಿಗೆ ಹಚ್ಚಿದ ಸೀಸ ಹೊಟ್ಟೆಗೆ ಯಾವ ಎರಡು ದಾರಿಯಲ್ಲಿ ಹೋಗುತ್ತದೆ?
3. ಜಾತ್ರೆಯ ಡಬ್ಬಿಯ ಮೇಲೆ ಸೊಸೆಗೆ ಏನು ಕಂಡಿತು? ಏನು ಕಾಣಲಿಲ್ಲ?
4. ಕಾಡಿಗೆಗೆ ಕರ್ಪೂರ ಯಾಕೆ ಹಾಕಬಾರದು?

ಆ. ಬಿಟ್ಟ ಜಾಗ ತುಂಬಿರಿ.
1. ಅಭ್ರಕಕ್ಕೆ ಇನ್ನೊಂದು ಹೆಸರು ಕಾಗೆ ..........
2. ದಡಾರದ ಲಸಿಕೆ ಜೊತೆ .......... ಜೀವಸತ್ವದ ಹನಿ ಹಾಕುತ್ತಾರೆ.
3. ರೆಪ್ಪೆಗೆ ಬಣ್ಣ ಹಚ್ಚಲು .......... ಬೆರಳು ಒಳ್ಳೆಯದು.

ಇ. ಲೆಕ್ಕ ಮಾಡಿರಿ.
1. ಒಂದು ಕಾಡಿಗೆ ತಯಾರಾದದ್ದು 08/2025. ಅದನ್ನು 24 ತಿಂಗಳೊಳಗೆ ಬಳಸಬೇಕು. ಯಾವ ವರ್ಷದ ಯಾವ ತಿಂಗಳವರೆಗೆ ಬಳಸಬಹುದು?
2. ಡಬ್ಬಿಯ ಎಂ.ಆರ್.ಪಿ. 85 ರೂಪಾಯಿ. ನೀವು 100 ರೂಪಾಯಿ ಕೊಟ್ಟಿರಿ. ಅಂಗಡಿಯವರು 10 ರೂಪಾಯಿ ಹಿಂದೆ ಕೊಟ್ಟರು. ಲೆಕ್ಕ ಸರಿಯೇ? ಇನ್ನೆಷ್ಟು ಬರಬೇಕು?

ಈ. ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿರುವ ಕಾಡಿಗೆ, ಪೌಡರು ಅಥವಾ ಬಣ್ಣದ ಡಬ್ಬಿಯೊಂದನ್ನು ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿರಿ. ಅದರ ಮೇಲಿನ ತಾರೀಖು, ಬೆಲೆ, ವಿಳಾಸ ಹುಡುಕಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಸಿಗದಿದ್ದರೆ ‘ಇಲ್ಲ’ ಎಂದು ಬರೆಯಿರಿ. ಎಷ್ಟು ‘ಇಲ್ಲ’ ಬಂತು ಎಂದು ಎಲ್ಲರೂ ಸೇರಿ ಎಣಿಸಿರಿ. ಬಾಣಂತಿ ಇರುವ ಪಕ್ಕದ ಮನೆಗೆ ಹೋಗಿ ಮೂರನೇ ಭಾಗದ ಮಾತುಕತೆಯನ್ನು ಓದಿ ಹೇಳಿರಿ.